ನಾನು ಕಾಯಂ ಆದದ್ದು

ಹುಬ್ಬಳ್ಳಿ-ಧಾರವಾಡದಲ್ಲಿ ದಿನಕ್ಕೆ ಎಷ್ಟು ಸಲ ‘ಸ್ವಲ್ಪ ನೋಡ್ರಿ’ ಅನ್ನುವ ಮಾತು ಕಿವಿಗೆ ಬೀಳುತ್ತದೋ ದೇವರಿಗೇ ಗೊತ್ತು. ಬಸ್ಸಿನಲ್ಲಿ ಜಾಗ ಬೇಕಾದವರು ಅನ್ನುತ್ತಾರೆ, ಅಂಗಡಿಯಲ್ಲಿ ಚಿಲ್ಲರೆ ಬೇಕಾದವರು ಅನ್ನುತ್ತಾರೆ, ಆಸ್ಪತ್ರೆಯ ಸರದಿಯಲ್ಲಿ ಹಿಂದೆ ನಿಂತವರು ಅನ್ನುತ್ತಾರೆ. ಅದರಲ್ಲಿ ಬೈಗುಳವಿಲ್ಲ, ಗದರಿಕೆಯಿಲ್ಲ. ಮರ್ಯಾದಸ್ಥರ ಮಾತು. ಆದರೆ ಯಾರಾದರೂ ನನ್ನ ಬೆನ್ನ ಹಿಂದಿನಿಂದ ಹಾಗೆ ಅಂದರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಸೆರಗಿನ ಕಡೆ ಹೋಗುತ್ತದೆ. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಏಳಬೇಕು ಅನಿಸುತ್ತದೆ. ಎಲ್ಲಿಂದಲೋ ಮೂಗಿಗೆ ಫಿನೈಲ್ ವಾಸನೆ ಬರುತ್ತದೆ. ತಿರುಗಿ ನೋಡಿದರೆ ನಿಂತವರು ಪಾಪ, ಮಿಕ್ಸರ್ ರಿಪೇರಿಗೆ ತಂದವರಿರುತ್ತಾರೆ. ನಾನು ಅವರನ್ನು ದುರುಗುಟ್ಟಿಕೊಂಡು ನೋಡುತ್ತಿರುತ್ತೇನೆ. ‘ಆ ಹೆಣ್ಣಮಗಳು ಕೆಲಸ ಛಲೋ ಮಾಡತಾಳ, ಆದ್ರ ಬಾಳ ಸಿಟ್ಟಿನಾಕಿ’ ಅಂತ ನನ್ನ ಬಗ್ಗೆ ಓಣಿಯಲ್ಲಿ ಹೆಸರಿದೆ. ಇರಲಿ.

ಸುಟ್ಟುಹೋದ ಮಿಕ್ಸರ್, ಫ್ಯಾನುಗಳ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನನ್ನ ಈಗಿನ ಉದ್ಯೋಗ. ಅದನ್ನು ಕಲಿತದ್ದು ರಾಯಾಪುರದ ಹತ್ತಿರದ ಒಂದು ಕಾರ್ಖಾನೆಯಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ. ಅಲ್ಲಿ ನೀರಿನ ಪಂಪಿನ ಮೋಟಾರು ತಯಾರಾಗುತ್ತಿದ್ದವು. ತಂತಿ ಸುತ್ತುವ ವೈಂಡಿಂಗ್ ಸೆಕ್ಷನ್ನಿನಲ್ಲಿ ಎಲ್ಲರೂ ಹೆಂಗಸರೇ. ಗಂಡಸರಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಅಂತ ಸಾಹೇಬರು ಹೊಗಳುತ್ತಿದ್ದರು. ಹೊಗಳಿಕೆಗೇನು, ಅದಕ್ಕೆ ಖರ್ಚಿಲ್ಲ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಟೆಂಪರರಿ. ಯಾವಾಗ ಬೇಕಾದರೂ ‘ನಾಳಿಯಿಂದ ಬರಬ್ಯಾಡ್ರಿ’ ಅನ್ನಬಹುದಿತ್ತು. ಆದ್ದರಿಂದ ನಮ್ಮ ಬಾಯಲ್ಲಿ ಯಾವಾಗಲೂ ಒಂದೇ ಜಪ: ಕಾಯಂ. ಆಕೆ ಕಾಯಂ ಆದಳಂತೆ, ಈಕೆಯ ಹೆಸರು ಕಾಯಂ ಆಗುವವರಲ್ಲಿ ಇದೆಯಂತೆ. ಕಾಯಂ ಆದವಳ ನಡಿಗೆಯೇ ಬೇರೆ. ಚಹಾ ಕುಡಿಯಲು ಎದ್ದರೆ ನಿಧಾನಕ್ಕೆ ಕುಡಿದು ಬರುತ್ತಿದ್ದಳು.

ನನಗೂ ಆ ಆಸೆ ಇತ್ತು. ನನಗಿಂತ ಹೆಚ್ಚಾಗಿ ಅವ್ವನಿಗಿತ್ತು. ಅವ್ವ ಹುಬ್ಬಳ್ಳಿಯ ರಸ್ತೆಗಳನ್ನು ಗುಡಿಸಿದವಳು. ಮಹಾನಗರಪಾಲಿಕೆಯ ಕೆಲಸ. ಜನ ಏಳುವುದಕ್ಕೆ ಮೊದಲು ಹೋಗಿ, ಜನ ಮೂಗು ಮುಚ್ಚಿಕೊಂಡು ದಾಟುವ ಹೊತ್ತಿಗೆ ಮುಗಿಸಿ ಬರುತ್ತಿದ್ದಳು. ಮನೆಯಲ್ಲಿ ಮಾತ್ರ ನನಗೆ ಕಸಬರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಹೊರಗೆ ಊರೆಲ್ಲ ಗುಡಿಸಿ ಬಂದವಳು ಒಳಗೂ ತಾನೇ ಗುಡಿಸುತ್ತಿದ್ದಳು. ಓಣಿಯ ಹೆಂಗಸರು ‘ಮಹಾರಾಣಿ ಇನ್ನೂ ಎದ್ದಿಲ್ಲೇನು?’ ಅಂತ ನನ್ನನ್ನು ಕಾಡಿಸಿದರೆ ಅವ್ವ ಸಿಟ್ಟಾಗುತ್ತಿರಲಿಲ್ಲ. ‘ಹೌದು, ಮಹಾರಾಣಿನ. ಏನೀಗ?’ ಅನ್ನುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಕಾರ್ಖಾನೆ ಸೇರಿದ ದಿನ ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಕುಂತ ಮಾಡೂ ಕೆಲಸ ಏನು?’ ಹೌದು ಅಂದೆ. ಸಮಾಧಾನದಿಂದ ಉಸಿರು ಬಿಟ್ಟಳು.

ನಮ್ಮ ಸೂಪರ್‌ವೈಸರ್ ಧಾರವಾಡದವರು. ತಮ್ಮ ಮಾತಿನ ಬಗ್ಗೆ ಅವರಿಗೆ ಭಾರಿ ಅಭಿಮಾನ. ಹುಬ್ಬಳ್ಳಿಯವರದು ಒರಟು, ನಮ್ಮದು ಸಕ್ಕರೆ ಅನ್ನುತ್ತಿದ್ದರು. ಸೆಕ್ಷನ್ನಿನ ಹುಡುಗಿಯರನ್ನೆಲ್ಲ ‘ಬಾರವಾ, ಹೋಗವಾ’ ಅಂತ ಮನೆಮಗಳ ಹಾಗೆ ಕರೆಯುತ್ತಿದ್ದರು. ನನಗೂ ಮೊದಮೊದಲು ಹಾಗೆಯೇ ಅನ್ನುತ್ತಿದ್ದರು. ಆಮೇಲೆ ಒಂದು ದಿನ, ನಮ್ಮ ಕಡೆಯ ಶೌಚಾಲಯ ತೊಳೆಯುವ ಹೆಂಗಸು ಕೆಲಸ ಬಿಟ್ಟು ಹೋದಳು. ಹೊಸಬಳು ಬರಲಿಲ್ಲ. ಎರಡು-ಮೂರು ದಿನಕ್ಕೆ ವಾಸನೆ ಸೆಕ್ಷನ್ನಿನವರೆಗೆ ಬಂತು. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ಮಷೀನುಗಳ ಸಾಲನ್ನು ಒಂದು ತುದಿಯಿಂದ ನೋಡುತ್ತ ಬಂದರು. ಅದು ನನಗೆ ಕಾಣಲಿಲ್ಲ, ನನ್ನ ಬೆನ್ನಿಗೆ ಗೊತ್ತಾಯಿತು.

‘ಸ್ವಲ್ಪ ನೋಡ್ರಿ,’ ಅಂದರು.

ಯಾರಿಗೋ ಅಂದುಕೊಂಡೆ. ‘ರಿ’ ಹಚ್ಚಿ ನನ್ನನ್ನು ಅವರು ಎಂದೂ ಮಾತಾಡಿಸಿರಲಿಲ್ಲ. ಮತ್ತೆ ಅಂದಾಗ ತಿರುಗಿದೆ.

‘ಏನ್ ನೋಡಬೇಕ್ರಿ?’

‘ಹಿಂದಿಂದು ಸ್ವಲ್ಪ ಸ್ವಚ್ಛ ಆಗಬೇಕಿತ್ತು. ನಿಮಗ ಗೊತ್ತಿರತದಲ್ಲ.’

ನಿಮಗೆ. ಅಂದರೆ ನನಗೊಬ್ಬಳಿಗಲ್ಲ. ಕೆಲಸಕ್ಕೆ ಸೇರುವಾಗ ವಿಳಾಸ ಬರೆಸಿದ್ದೆನಲ್ಲ, ಆ ಓಣಿಗೆ. ನಮ್ಮಲ್ಲಿ ಓಣಿಯ ಹೆಸರು ಹೇಳಿದರೆ ಸಾಕು, ಮುಂದಿನದನ್ನು ಯಾರೂ ಕೇಳುವುದಿಲ್ಲ. ನಾನು ಎದ್ದೆ. ಯಾಕೆ ಎದ್ದೆ ಅಂತ ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಟೆಂಪರರಿ ಇದ್ದೆ, ಅದೊಂದು ಕಾರಣ. ಆದರೆ ನನ್ನನ್ನು ಕಾಡುವುದು ಅದಲ್ಲ. ನಾನು ಎದ್ದು ಬಕೆಟ್ ಹಿಡಿದು ಹೋಗುವಾಗ ಯಾವ ಮಷೀನೂ ನಿಲ್ಲಲಿಲ್ಲ. ಯಾರೂ ತಲೆ ಎತ್ತಿ ನೋಡಲಿಲ್ಲ. ಏನೋ ಆಗಬೇಕಾದದ್ದು ಆಗುತ್ತಿದೆ ಅನ್ನುವ ಹಾಗೆ ಎಲ್ಲವೂ ಗರ್ ಅಂತ ತಿರುಗುತ್ತಲೇ ಇದ್ದವು.

ತಿರುಗಿ ಬಂದಾಗ ನನ್ನ ಅರ್ಧ ಸುತ್ತಿದ ಕಾಯಿಲ್ ಮುಗಿದಿತ್ತು. ಪಕ್ಕದ ಮಷೀನಿನ ಗೆಳತಿ ತನ್ನ ಕೆಲಸ ಬಿಟ್ಟು ನನ್ನದನ್ನು ಮಾಡಿಟ್ಟಿದ್ದಳು. ಆಕೆ ಹತ್ತಿರದ ಸುಳ್ಳ ಅನ್ನುವ ಹಳ್ಳಿಯವಳು, ಹೊಲಮನೆಯವರ ಮಗಳು, ದಿನಾ ಬಸ್ಸಿಗೆ ಬರುತ್ತಿದ್ದಳು. ‘ನಿಂದು ನಾ ಮುಗಿಸೇನಿ, ಚಿಂತಿ ಮಾಡಬ್ಯಾಡ’ ಅಂದಳು. ಒಳ್ಳೆಯವಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತನ್ನ ರೊಟ್ಟಿ, ಪುಂಡಿಪಲ್ಯ ನನಗೆ ಹಾಕುತ್ತಿದ್ದಳು. ನಾನು ನನ್ನದನ್ನು ಮುಂದೆ ಹಿಡಿದರೆ ಮಾತ್ರ ‘ನೀನ ಉಣ್ಣವಾ, ಎಷ್ಟ ಸೊರಗೀದಿ’ ಅನ್ನುತ್ತಿದ್ದಳು. ನಾನು ಸೊರಗಿಯೇ ಇದ್ದೆ, ಸುಳ್ಳಲ್ಲ.

ಆಮೇಲೆ ಅದು ರೂಢಿಯಾಯಿತು. ಹೊಸ ಹೆಂಗಸು ಬಂದಳು, ಹೋದಳು, ಮತ್ತೆ ಬಂದಳು. ಆಕೆ ಇಲ್ಲದ ದಿನವೆಲ್ಲ ಬೆನ್ನ ಹಿಂದೆ ಅದೇ ಸಕ್ಕರೆ ಮಾತು. ಒಂದು ದಿನ ನಮ್ಮ ಸಾಲಿನ ತುದಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಂತಿ ಮುಗಿದುಹೋಗಿ ಸುಮ್ಮನೆ ಕೂತಿದ್ದಳು. ನನ್ನ ಮಷೀನು ಓಡುತ್ತಿತ್ತು. ಸೂಪರ್‌ವೈಸರ್ ಆಕೆಯನ್ನು ದಾಟಿ ನನ್ನ ಹತ್ತಿರ ಬಂದರು. ನನಗೆ ತಲೆ ಕೆಟ್ಟಿತು.

‘ಆಕಿ ಖಾಲಿ ಕುಂತಾಳಲ್ರಿ. ಆಕಿಗೆ ಹೇಳ್ರಿ,’ ಅಂದೆ.

ಅವರು ಸಿಟ್ಟಾಗಲಿಲ್ಲ. ನಾನು ಚಾಷ್ಟಿ ಮಾಡಿದೆ ಅಂದುಕೊಂಡು ನಕ್ಕರು. ‘ಆಕಿಗೆ ಹೆಂಗ ಹೇಳೂದ್ರಿ?’ ಅಂದರು.

ನಿಜವಾಗಿ ಕೇಳಿದ್ದು ಅದು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಆಕೆಗೆ ಹೇಗೆ ಹೇಳಲಾದೀತು ಅಂತ ಅವರಿಗೆ ಖರೇನೇ ತಿಳಿದಿರಲಿಲ್ಲ. ಆ ನಗೆ ನೋಡಿ ನನ್ನ ಮೈಯೆಲ್ಲ ಉರಿಯಿತು. ಅವತ್ತು ಹೋಗಿ ತೊಳೆದೆ, ಆದರೆ ಇದನ್ನು ಹೀಗೇ ಬಿಡುವುದಿಲ್ಲ ಅಂತ ನಿರ್ಧಾರ ಮಾಡಿಕೊಂಡೆ.

ಬಿಡದೆ ಏನು ಮಾಡುವುದು? ಎರಡು ದಾರಿ ಇದ್ದವು. ನಮ್ಮ ಓಣಿಯಲ್ಲಿ ಕೋರ್ಟಿನ ಜವಾನರೊಬ್ಬರಿದ್ದರು. ಅವರಿಗೆ ಗುಟ್ಟಾಗಿ ಹೇಳಿದಾಗ ಅವರು ಅಂದದ್ದು: ‘ಯೂನಿಯನ್ ಗೀನಿಯನ್ ಬಿಡವಾ. ಸೀದಾ ಧಾರವಾಡಕ್ಕ ಹೋಗು, ಸರಕಾರಿ ಕಚೇರಿಗೆ ಬರದು ಕೊಡು. ಇದಕ್ಕ ಕಾಯ್ದೆ ಐತಿ.’ ಇನ್ನೊಂದು, ನಮ್ಮ ಯೂನಿಯನ್ನಿನ ಕಾರ್ಯದರ್ಶಿ. ಅವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಹರತಾಳ ಮಾಡಿ ಕೆಲಸ ಕಳೆದುಕೊಂಡು, ಹೋರಾಡಿ ಮತ್ತೆ ಒಳಗೆ ಬಂದ ಮನುಷ್ಯ. ಯಾರ ತಕರಾರು ಇದ್ದರೂ ಮ್ಯಾನೇಜರನ ಟೇಬಲ್ಲಿನ ತನಕ ಒಯ್ಯುತ್ತಿದ್ದರು. ನಾನು ಕಾಕಾನ ದಾರಿ ಹಿಡಿದೆ. ಕಾರಣ ಇಷ್ಟೇ: ಸರಕಾರಕ್ಕೆ ಕೊಟ್ಟರೆ ವಿಚಾರಣೆ ಆಗುತ್ತದೆ, ಜೀಪು ಓಣಿಗೆ ಬರುತ್ತದೆ, ಅವ್ವನಿಗೆ ಗೊತ್ತಾಗುತ್ತದೆ. ಯೂನಿಯನ್ ಮಾತು ಗೇಟಿನ ಒಳಗೇ ಮುಗಿಯುತ್ತದೆ. ಮಗಳ ಕೈಗೆ ಬಕೆಟ್ ಬಂದಿದೆ ಅಂತ ಅವ್ವನಿಗೆ ತಿಳಿಯಬಾರದು. ನನಗೆ ಅದೊಂದೇ ಮುಖ್ಯವಾಗಿತ್ತು.

ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕಾಕಾನಿಗೆ ಎಲ್ಲ ಹೇಳಿದೆ. ಹೇಳುತ್ತ ಅತ್ತೆ ಕೂಡ. ಅವರ ಕಣ್ಣಲ್ಲೂ ನೀರು ಬಂತು. ಆದರೆ ಜಾತಿ ಅನ್ನುವ ಶಬ್ದ ನನ್ನ ಬಾಯಿಂದ ಬಂದ ಕೂಡಲೇ ಕೈ ಎತ್ತಿ ತಡೆದರು.

‘ಹಂಗ ಅನ್ನಬ್ಯಾಡ ತಂಗಿ. ಯೂನಿಯನ್‌ನ್ಯಾಗ ಜಾತಿ ಇಲ್ಲ. ಆ ಸೂಪರ್‌ವೈಸರನೂ ನಮ್ಮ ಮೆಂಬರ್. ಜಾತಿ ಅಂದಿ ಅಂದ್ರ ಮಂದಿ ಎರಡು ಹೋಳಾಕ್ಕಾರ. ನಾವು ಇದನ್ನ ‘ಹುದ್ದೆಗೆ ಸಂಬಂಧ ಇಲ್ಲದ ಕೆಲಸ ಮಾಡಸಾಕತ್ತಾರ’ ಅಂತ ಒಯ್ಯೋಣು. ಅದು ಗೆಲ್ಲೂ ಮಾತು. ನನ್ನ ಮ್ಯಾಲೆ ಬಿಡು.’

ಗೆಲ್ಲುವ ಮಾತು ಅಂದರಲ್ಲ, ನನಗೆ ಗೆಲ್ಲಬೇಕಿತ್ತು. ಬಿಟ್ಟೆ.

ಕಾಕಾ ಗೆದ್ದರು. ಕೆಲವು ವಾರ ಮ್ಯಾನೇಜರನ ಜೊತೆ ಗುದ್ದಾಡಿ ಗೆದ್ದರು. ಒಂದು ಸಂಜೆ ಶಿಫ್ಟು ಬಿಟ್ಟಾಗ ಗೇಟಿನ ಹತ್ತಿರ ಪೇಢೆಯ ಪೆಟ್ಟಿಗೆ ಹಿಡಿದು ನಿಂತಿದ್ದರು. ನನ್ನನ್ನು ಕಂಡವರೇ ‘ತಂಗಿ ಕಾಯಂ ಆದಳು!’ ಅಂತ ಕೂಗಿದರು. ಸುತ್ತಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಗೆಳತಿ ನನ್ನನ್ನು ತಬ್ಬಿಕೊಂಡಳು. ನನಗೆ ಕಾಲು ನೆಲಕ್ಕೆ ತಾಗಲಿಲ್ಲ. ಬಾಯಲ್ಲಿ ಪೇಢೆ ಇಟ್ಟುಕೊಂಡೇ ಕೇಳಿದೆ, ‘ವೈಂಡಿಂಗಿನ್ಯಾಗ ಏನ್ರಿ ಕಾಕಾ?’

‘ಅಲ್ಲವಾ. ಅಲ್ಲಿ ಜಾಗಾ ಎಲ್ಲೈತಿ? ಸ್ವಚ್ಛತಾ ಸಹಾಯಕಿ ಅಂತ ಹೊಸ ಹುದ್ದೇನ ಮಾಡಿಸೇನಿ. ಇಷ್ಟ ದಿನ ನೀ ಮಾಡಾಕತ್ತಿದ್ದ ಕೆಲಸಕ್ಕ ಹುದ್ದೆನ ಇರಲಿಲ್ಲ. ಇನ್ನ ಮ್ಯಾಲೆ ಯಾರೂ ನಿನಗ ಪುಕ್ಕಟ ಕೆಲಸ ಹಚ್ಚಾಕ ಆಗೂದಿಲ್ಲ.’

ನಾನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ. ‘ಕಾಕಾ, ಆ ಕೆಲಸ ನಾ ಮಾಡೂದಿಲ್ಲ ಅಂತ ಹೇಳಾಕ ನಿಮ್ಮ ಕಡೆ ಬಂದಿದ್ನಿ,’ ಅಂದೆ. ಅವರ ಮುಖ ಪೆಚ್ಚಾಯಿತು. ನನ್ನ ಮಾತು ಅವರಿಗೆ ಅರ್ಥವಾಗಲೇ ಇಲ್ಲ. ‘ಕಾಯಂ ಆದೆಲ್ಲ ತಂಗಿ, ಕಾಯಂ!’ ಅಂದರು, ನನಗೆ ಕಿವಿ ಕೇಳಿಸುವುದಿಲ್ಲ ಅನ್ನುವ ಹಾಗೆ. ಅವರನ್ನು ಈಗಲೂ ಕೆಟ್ಟವರು ಅನ್ನಲಾರೆ. ಜೀವಮಾನವೆಲ್ಲ ಅವರು ಎರಡೇ ಬಗೆಯ ಅನ್ಯಾಯ ಕಂಡಿದ್ದರು, ಕೆಲಸ ಕೊಡದೇ ಇರುವುದು ಮತ್ತು ಕೆಲಸಕ್ಕೆ ತಕ್ಕ ಹುದ್ದೆ ಕೊಡದೇ ಇರುವುದು. ನನ್ನದನ್ನು ಎರಡನೆಯದರಲ್ಲಿ ಸೇರಿಸಿ ಸರಿಪಡಿಸಿದ್ದರು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಓಣಿ ಮುಟ್ಟಿತ್ತು. ಅವ್ವ ಹೊಸ ಸೀರೆ ಉಟ್ಟುಕೊಂಡು ಮನೆಮನೆಗೆ ಸಕ್ಕರೆ ಹಂಚುತ್ತಿದ್ದಳು. ‘ನನ್ನ ಮಗಳು ಮಷೀನಿನ ಮ್ಯಾಲೆ ಕಾಯಂ ಆದ್ಲು’ ಅಂತ ಎಲ್ಲರಿಗೂ ಹೇಳುತ್ತಿದ್ದಳು. ನನ್ನನ್ನು ಕಂಡು ಬಾಯಿಗೆ ಒಂದು ಚಿಮುಟು ಸಕ್ಕರೆ ಹಾಕಿದಳು. ಅದನ್ನು ನುಂಗಿದೆ. ತಿದ್ದಿ ಹೇಳುವ ಧೈರ್ಯ ಬರಲಿಲ್ಲ.

ಮುಂದಿನ ವಾರದಿಂದ ನನ್ನ ಮಷೀನಿಗೆ ಆ ಹೊಸ ಹುಡುಗಿ ಕೂತಳು. ನನಗೆ ಎರಡು ಬಕೆಟ್, ನೀಲಿ ಕೋಟು ಕೊಟ್ಟರು. ಆ ತಿಂಗಳುಗಳ ನೆನಪು ಎಂದರೆ ನನಗೆ ಒಂದು ಗೋಡೆ. ಗೋಡೆಯ ಈಚೆ ನಾನು ನೀರು ಹೊಯ್ಯುತ್ತಿದ್ದೆ, ಆಚೆ ವೈಂಡಿಂಗ್ ಸೆಕ್ಷನ್. ನನ್ನ ಮಷೀನಿನ ಬೆಲ್ಟು ಸ್ವಲ್ಪ ಹರಿದಿತ್ತು, ಸುತ್ತುವಾಗ ಟಕ್ ಟಕ್ ಅನ್ನುತ್ತಿತ್ತು. ಅಷ್ಟು ಮಷೀನುಗಳ ಗದ್ದಲದಲ್ಲಿ ಆ ಟಕ್ ಟಕ್ ನನಗೆ ಬೇರೆಯಾಗಿ ಕೇಳುತ್ತಿತ್ತು. ನಾನು ಇನ್ನೂ ಆಚೆ ಕೂತಿದ್ದೇನೆ, ಇಲ್ಲಿ ನಿಂತವಳು ಬೇರೆ ಯಾರೋ ಅನಿಸುತ್ತಿತ್ತು. ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಹೆದರಿಕೆಯಾಗುತ್ತಿತ್ತು. ಸತ್ತವರಷ್ಟೇ ಕಾಡುತ್ತಾರೆ ಅಂತ ಯಾರು ಹೇಳಿದರು? ನನ್ನನ್ನು ನಾನೇ ಗೋಡೆಯ ಆಚೆಯಿಂದ ಕಾಡುತ್ತಿದ್ದೆ.

ತಡೆಯಲಾಗದೆ ಒಂದು ದಿನ ರಜೆ ಹಾಕಿ ಧಾರವಾಡಕ್ಕೆ ಹೋದೆ. ಅವ್ವನಿಗೆ ಗೊತ್ತಾದರೆ ಆಗಲಿ ಅನ್ನುವಷ್ಟು ಸಿಟ್ಟು ಇತ್ತು. ಕೋರ್ಟಿನ ಜವಾನರು ಹೇಳಿದ ಕಚೇರಿಯಲ್ಲಿ ಒಬ್ಬ ವಯಸ್ಸಾದ ಅಧಿಕಾರಿ ಕೂತಿದ್ದರು. ದೂರು ಬರೆದುಕೊಳ್ಳಲು ಪೆನ್ನು ತೆಗೆದರು.

‘ಏನಂತ ಬೈದ?’

‘ಬೈದಿಲ್ರಿ.’

‘ಜಾತಿ ಹೆಸರು ಎತ್ತಿದನೇನು?’

‘ಇಲ್ರಿ.’

‘ಮತ್ತ ಏನಂದ?’

‘ಸ್ವಲ್ಪ ನೋಡ್ರಿ ಅಂದ್ರು.’

ಪೆನ್ನು ನಿಂತಿತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಮತ್ತೆ ಹೇಳಿದೆ, ಈ ಸಲ ಸೂಪರ್‌ವೈಸರ್ ಅನ್ನುವ ರಾಗದಲ್ಲೇ. ಅಲ್ಲಿದ್ದ ಟೈಪಿಸ್ಟು ಕಿಸಕ್ಕನೆ ನಕ್ಕಳು. ಅಧಿಕಾರಿ ನಗಲಿಲ್ಲ. ಮೆಲ್ಲಗೆ, ನನ್ನ ಒಳ್ಳೆಯದಕ್ಕೇ ಅನ್ನುವ ಹಾಗೆ, ‘ಬೈದಿದ್ರ ಛಲೋ ಇತ್ತು ನೋಡವಾ’ ಅಂದರು. ಆದರೂ ಬರೆದುಕೊಂಡರು. ವಿಚಾರಣೆಗೆ ತಾವೇ ಬರುತ್ತೇನೆ ಅಂದರು. ಬಂದರು ಕೂಡ.

ಆ ದಿನ ವೈಂಡಿಂಗ್ ಸೆಕ್ಷನ್ನಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಮ್ಯಾನೇಜರನ ಕೋಣೆಗೆ ಕರೆದರು. ಒಳಗೆ ಅಧಿಕಾರಿ ಒಬ್ಬರೇ. ನಾನು ಹೊರಗೆ ಪಡಸಾಲೆ ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಹೊತ್ತು ಒಳಗಿದ್ದವಳು ನನ್ನ ಗೆಳತಿ. ಹೊರಗೆ ಬಂದವಳೇ ನನ್ನ ಕೈ ಹಿಡಿದುಕೊಂಡಳು. ಕಣ್ಣು ಒದ್ದೆಯಾಗಿದ್ದವು.

‘ನೀ ಏನೂ ಅಂಜಬ್ಯಾಡ. ನಿನ್ನ ಉಳಿಸೇನಿ,’ ಅಂದಳು.

‘ಏನ್ ಹೇಳಿದಿ?’

‘ಆಕೀನ ತಾನ ಆಗಿ ಹೋಗ್ತಿದ್ಲ್ರೀ, ಯಾರೂ ಒತ್ತಾಯ ಮಾಡಿಲ್ಲ ಅಂದ್ನಿ. ಎಲ್ಲಾರಿಗೂ ಹಂಗ ಹೇಳ್ರಿ ಅಂತ ಮೊದಲ ಹೇಳಿಟ್ಟಿದ್ನಿ. ಒತ್ತಾಯ ಅಂದಿದ್ರ ಆ ಕೆಲಸಾನ ತಪ್ಪು ಅಂತ ತಗದು ಹಾಕ್ತಿದ್ರು. ನಿನ್ನ ಕಾಯಂ ಹೋಕ್ಕಿತ್ತಲ್ಲ.’

ನನಗೆ ಆಕೆಯ ಕೆನ್ನೆಗೆ ಹೊಡೆಯಬೇಕು ಅನಿಸಿತು. ಆಕೆಯ ಹೆಗಲ ಮೇಲೆ ತಲೆ ಇಟ್ಟು ಅಳಬೇಕು ಅಂತಲೂ ಅನಿಸಿತು. ಎರಡೂ ಮಾಡಲಿಲ್ಲ. ‘ಒಂದ ದಿನ, ಒಂದ ದಿನರೆ ನನ್ನ ಬದಲಿ ನೀ ಯಾಕ ಏಳಲಿಲ್ಲ?’ ಅಂತ ಕೇಳಿದೆ.

ಆಕೆ ಯೋಚನೆ ಮಾಡಿದಳು. ನಿಜವಾಗಿ ಯೋಚನೆ ಮಾಡಿದಳು, ಹುಬ್ಬು ಗಂಟಿಕ್ಕಿಕೊಂಡು. ಆಮೇಲೆ ಅಂದಳು, ‘ನನಗ ಯಾರೂ ಹೇಳಲೇ ಇಲ್ಲಲ್ಲವಾ.’

ಆ ಮುಖ ನನಗೆ ಇನ್ನೂ ಕಾಣಿಸುತ್ತದೆ. ಸೂಪರ್‌ವೈಸರನ ಮುಖ ಮರೆತಿದ್ದೇನೆ, ಅವನು ಈಗ ಎದುರಿಗೆ ಬಂದರೂ ಗುರುತು ಸಿಗಲಿಕ್ಕಿಲ್ಲ. ಕಾಡುವುದು ಈಕೆಯದು. ಆ ಮುಖದಲ್ಲಿ ಒಂದಿಷ್ಟು ಕಪಟ ಇದ್ದಿದ್ದರೆ ನಾನು ಅದನ್ನೂ ಮರೆಯುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಹಳೇ ಬಸ್ ಸ್ಟ್ಯಾಂಡಿನಲ್ಲಿ ಆಕೆಯಂಥ ಹೆಂಗಸೊಬ್ಬಳನ್ನು ಕಂಡು ಕಂಬದ ಹಿಂದೆ ಸರಿದು ನಿಂತೆ. ಆಕೆಯೇ ಹೌದೋ ಅಲ್ಲವೋ ತಿಳಿಯಲಿಲ್ಲ.

ಅಧಿಕಾರಿ ನನ್ನನ್ನು ಮತ್ತೆ ಧಾರವಾಡಕ್ಕೆ ಕರೆಸಿ ವಿಷಯ ತಿಳಿಸಿದರು. ಸಾಕ್ಷಿ ಹೇಳಿದವರೆಲ್ಲ ಒಂದೇ ಮಾತು ಹೇಳಿದ್ದಾರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಈ ಹುದ್ದೆ ಬೇಕು ಅಂತ ಜಗಳ ಮಾಡಿ ಕೇಳಿದ್ದು ನನ್ನದೇ ಯೂನಿಯನ್, ನನ್ನದೇ ಹೆಸರಿನಲ್ಲಿ. ‘ನೀವ ಕೇಳಿ ತಗೊಂಡಿದ್ದನ್ನ ಅನ್ಯಾಯ ಅಂತ ನಾ ಹೆಂಗ ಬರೀಲಿ?’ ಅಂದರು. ಮೊದಲು ಇಲ್ಲಿಗೆ ಬಂದಿದ್ದರೆ ಬೇರೆ ಮಾತು ಇತ್ತೇನೋ ಅಂತಲೂ ಅಂದರು. ಇತ್ತೋ ಇಲ್ಲವೋ. ಗೆಲ್ಲುವ ಮಾತು ಹುಡುಕಿ ನನ್ನ ಮಾತನ್ನು ಚಹಾದಂಗಡಿಯಲ್ಲೇ ಬಿಟ್ಟುಬಂದಿದ್ದೆ. ಇಲ್ಲಿ ಬಂದು ಹುಡುಕಿದರೆ ಎಲ್ಲಿ ಸಿಗಬೇಕು?

ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವಾಗ ರಾಯಾಪುರ ದಾಟಿತು. ಕಾರ್ಖಾನೆಯ ಕಡೆ ತಿರುಗಿ ನೋಡಲಿಲ್ಲ. ಸಿಟ್ಟು ಕೂಡ ಇರಲಿಲ್ಲ. ಲೆಕ್ಕ ಹಾಕುತ್ತಿದ್ದೆ: ಕಾಯಂ ಕೆಲಸ, ಪಿಂಚಣಿ ಬರುತ್ತದೆ, ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತಾರೆ, ಅವ್ವನಿಗೆ ವಯಸ್ಸಾಯಿತು. ಇಷ್ಟು ಜನ ಇದರಲ್ಲಿ ತಪ್ಪು ಕಾಣದೇ ಇದ್ದರೆ ತಪ್ಪು ನನ್ನ ಕಣ್ಣಿನದೇ ಇರಬೇಕು. ಮನೆ ಬರುವ ಹೊತ್ತಿಗೆ ನಾನು ಒಪ್ಪಿಕೊಂಡಾಗಿತ್ತು.

ಅವ್ವ ಕಟ್ಟೆಯ ಮೇಲೆ ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಬಕೆಟ್ಟಿನಿಂದ ಹಿಡಿದು ಧಾರವಾಡದ ತನಕ. ಮಷೀನಿನ ಮೇಲಲ್ಲ ಕಾಯಂ ಆದದ್ದು ಅಂತಲೂ ಹೇಳಿದೆ. ಆಕೆ ಅಳುತ್ತಾಳೆ, ಇಲ್ಲವೇ ನನಗೆ ಬೈಯುತ್ತಾಳೆ ಅಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಲೇ ಇದ್ದಳು. ಕೊನೆಗೆ ನಾನೇ ಸಮಾಧಾನ ಹೇಳಿದೆ.

‘ಆದದ್ದು ಆತು, ಬಿಡು ಅವ್ವಾ. ಏನ ಆದ್ರೂ ಕಾಯಂ ಐತೆಲ್ಲ.’

ಅವ್ವನ ಕೈ ನಿಂತಿತು.

‘ನಾನೂ ಕಾಯಂ ಇದ್ನೆಲ್ಲವಾ,’ ಅಂದಳು.

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅವ್ವ ಯಾಕೆ ಅಂತ ಕೇಳಲಿಲ್ಲ.